ಪಿ.ಪಿ. ನಂಬರ್

ಊರಿಗೆ ಫೋನ್ ಮಾಡಿದಾಗ ನಾಲ್ಕು ರಿಂಗ್ ಆದರೂ ಯಾರೂ ಎತ್ತದಿದ್ದರೆ, ನನಗೆ ಈಗಲೂ 1990ರ ಜೂನ್ ತಿಂಗಳ ಒಂದು ಭಾನುವಾರ ನೆನಪಾಗುತ್ತದೆ.

ನಾನು ಬೆಳೆದದ್ದು ಸುರತ್ಕಲ್ ಬಳಿಯ ಕಾಟಿಪಳ್ಳದಲ್ಲಿ. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟವರಿಗೆ ಸೈಟು ಕೊಟ್ಟು ಕೂರಿಸಿದ ಜಾಗ ಅದು. ಮನೆಯ ಹೆಸರಿಗಿಂತ ಬ್ಲಾಕ್ ನಂಬರ್ ಹೇಳಿದರೆ ಪೋಸ್ಟ್‌ಮ್ಯಾನ್‌ಗೆ ಬೇಗ ಗೊತ್ತಾಗುತ್ತಿತ್ತು. ನಮ್ಮ ಸಾಲಿನ 12 ಮನೆಗಳಿಗೆ ಬಾವಿ ಎರಡು, ಟಿ.ವಿ. ಒಂದು, ಫೋನ್ ಒಂದು. ಟಿ.ವಿ., ಫೋನ್ ಎರಡೂ ಇದ್ದದ್ದು ರಿಟೈರ್ಡ್ ಮಾಸ್ಟ್ರ ಮನೆಯಲ್ಲಿ. ಉಳಿದವರೆಲ್ಲ ಅವರ ನಂಬರನ್ನೇ ಬರೆದು ಪಕ್ಕದಲ್ಲಿ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಅಂದರೆ, ಫೋನ್ ನಮ್ಮದಲ್ಲ, ದಯವಿಟ್ಟು ಕರೆದು ಕೊಡಿ ಎಂದರ್ಥ. ಓಡಿಹೋಗಿ ಕರೆಯುವ ಕೆಲಸ ಮಕ್ಕಳದು.

ಆಚೆಮನೆ ಅಕ್ಕನ ಗಂಡ ಕುವೈತಿನಲ್ಲಿದ್ದರು. ನಮಗೆಲ್ಲ ಅವರು ಭಾವ. ಪತ್ರ ಬರುತ್ತಿತ್ತು, ಫೋನ್ ಮಾತ್ರ ಎರಡು ತಿಂಗಳಿಗೊಮ್ಮೆ. “ಹತ್ತು ನಿಮಿಷ ಬಿಟ್ಟು ಮಾಡ್ತೇನೆ, ಅವಳನ್ನು ಸ್ವಲ್ಪ ಕರೆಸಿ” ಎಂದು ಇಟ್ಟುಬಿಡುತ್ತಿದ್ದರು.

ಆ ಭಾನುವಾರ ಹೊರಗೆ ಜೋರು ಮಳೆ. ಒಳಗೆ ‘ಮಹಾಭಾರತ’ದ ಕೊನೆಯ ಕಂತುಗಳು. ಮಾಸ್ಟ್ರ ಚಾವಡಿಯಲ್ಲಿ ಕೂರಲು ಜಾಗವಿರಲಿಲ್ಲ. ಫೋನ್ ಬಂತು. “ಓಡು ಮಾರಾಯ, ಅಕ್ಕನನ್ನು ಕರ್ಕೊಂಡು ಬಾ” ಎಂದರು ಮಾಸ್ಟ್ರು. ನನಗೆ ಆಗ ಹತ್ತು ವರ್ಷ. ಬಾಗಿಲ ತನಕ ಹೋದವನು, ಈ ಸೀನ್ ಒಂದು ಮುಗಿಯಲಿ ಎಂದು ಅಲ್ಲೇ ನಿಂತೆ.

ಅಕ್ಕ ಒದ್ದೆಯಾಗಿ ಓಡಿ ಬರುವಾಗ ಫೋನ್ ಎರಡನೇ ಸಲ ಬಂದು ಹೋಗಿತ್ತು. ಮೆಟ್ಟಿಲ ಮೇಲೆ ಒಂದು ಗಂಟೆ ಕಾದರು. ಮತ್ತೆ ರಿಂಗ್ ಆಗಲಿಲ್ಲ. “ಪರ್ವಾಗಿಲ್ಲ, ಇನ್ನೊಮ್ಮೆ ಮಾಡ್ತಾರೆ” ಎಂದು ಎದ್ದು ಹೋದರು. ತಡವಾದದ್ದು ಯಾಕೆಂದು ನಾನು ಹೇಳಲಿಲ್ಲ.

ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಪತ್ರವಿಲ್ಲ, ಫೋನಿಲ್ಲ. ಸಂಜೆ ಇಡೀ ಸಾಲು ಮಾಸ್ಟ್ರ ಮನೆಯ ರೇಡಿಯೋ ಮುಂದೆ ಸೇರುತ್ತಿತ್ತು. ಲೈನ್ ಖಾಲಿ ಇರಲಿ ಎಂದು ಮಾಸ್ಟ್ರು ಯಾರಿಗೂ ಫೋನ್ ಮುಟ್ಟಲು ಬಿಡುತ್ತಿರಲಿಲ್ಲ. ಅಕ್ಕನ ಅಡುಗೆಮನೆಗೆ ಒಂದು ದಿನ ಅಕ್ಕಿ, ಒಂದು ದಿನ ತೆಂಗಿನಕಾಯಿ, ಒಂದು ದಿನ ಮೀನು ತಲುಪುತ್ತಿತ್ತು. ಕೊಟ್ಟವರು ಯಾರೂ ಲೆಕ್ಕ ಇಡಲಿಲ್ಲ. ನಾನು ಶಾಲೆ ಬಿಟ್ಟ ಕೂಡಲೇ ಫೋನ್ ಪಕ್ಕ ಹೋಗಿ ಕೂರುತ್ತಿದ್ದೆ. ಹುಡುಗನಿಗೆ ಎಷ್ಟು ಕಾಳಜಿ ಎಂದು ಎಲ್ಲರೂ ಹೊಗಳುತ್ತಿದ್ದರು.

ಏರ್ ಇಂಡಿಯಾ ಅಂದು ಸುಮಾರು 1,70,000 ಭಾರತೀಯರನ್ನು ಕರೆತಂದಿತು. ಅಮ್ಮಾನ್ ದಾರಿಯಾಗಿ ಮುಂಬಯಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಭಾವ ಸುರತ್ಕಲ್‌ನಲ್ಲಿ ಇಳಿದಾಗ ಅಕ್ಟೋಬರ್. ಕೈಯಲ್ಲಿ ಒಂದೇ ಬ್ಯಾಗು. ವರ್ಷಗಳ ದುಡಿಮೆ ಅಲ್ಲೇ ಉಳಿದಿತ್ತು.

ಕಳೆದ ಸಲ ರಜೆಯಲ್ಲಿ ಊರಿಗೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆ. ಅವರು ನಕ್ಕರು. “ಇಷ್ಟು ವರ್ಷ ಇದನ್ನು ಇಟ್ಟುಕೊಂಡಿದ್ದೀಯಾ? ಅವತ್ತು ಅವರು ಮಾಡಿದ್ದು ಈ ವರ್ಷ ರಜೆ ಸಿಗಲಿಲ್ಲ ಅಂತ ಹೇಳ್ಲಿಕ್ಕೆ. ಕೇಳದ್ದೇ ಒಳ್ಳೆದಾಯ್ತು. ಬರ್ತಾರೆ ಅಂತಲೇ ಕೆಲವು ದಿನ ಖುಷಿಯಲ್ಲಿದ್ದೆ.” ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: “ಆದರೆ ಆಗಸ್ಟಲ್ಲಿ, ಅವರ ಸ್ವರ ಒಮ್ಮೆ ಕೇಳಿರಬೇಕಿತ್ತು ಅಂತ ತುಂಬ ಅನಿಸ್ತಿತ್ತು.”

ಈಗ ಎಲ್ಲರ ಕಿಸೆಯಲ್ಲೂ ಫೋನ್ ಇದೆ, ಓಡಿ ಕರೆಯಬೇಕಾದವರು ಯಾರೂ ಇಲ್ಲ. ಆದರೂ ನನ್ನ ಫಾರ್ಮಸಿ ಕೌಂಟರಿನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಫೋನ್ ಬಂದು, “ಸಾರ್, ಊರಿಂದ” ಎಂದರೆ, ಮೊದಲು ಮಾತಾಡಿ ಎನ್ನುತ್ತೇನೆ. ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಆಮೇಲೆ ಹೇಳಿದರೂ ನಡೆಯುತ್ತದೆ.