ಹಸಿ ಸೌದೆ, ಒಣ ಸೌದೆ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಅಡುಗೆಗೆ ಅನಿಲ ಬಂದಿದ್ದರೂ ಬಚ್ಚಲ ಹಂಡೆಯ ಕೆಳಗೆ ಉರಿಯುವುದು ಇಂದಿಗೂ ಸೌದೆಯೇ. ಕಡಿದು ತಂದು ಒಲೆಗೆ ತುರುಕಿದರೆ ಮುಗಿಯಿತೆಂದು ತಿಳಿದವರು ಹಲವರುಂಟು. ಹಾಗೆ ತಿಳಿದವರು ಸಾಮಾನ್ಯವಾಗಿ ಒಲೆಯ ಮುಂದೆ ಕೂರುವವರಲ್ಲ.

ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ವಿಜ್ಞಾನ ಓದಿದ ಗೆಳೆಯರು ಬಲ್ಲಂತೆ, 25 ಡಿಗ್ರಿಯ ಒಂದು ಗ್ರಾಂ ನೀರು ಕುದಿಯುವ ಮಟ್ಟಕ್ಕೆ ಬರಲು 75 ಕ್ಯಾಲೊರಿ ಸಾಕು. ಅದೇ ನೀರು ಆವಿಯಾಗಿ ಹೋಗಲು ಇನ್ನೂ 540 ಕ್ಯಾಲೊರಿ ಬೇಕು. ಇದನ್ನೆಲ್ಲ ಸೌದೆ ತನ್ನ ಉರಿಯಿಂದಲೇ ತೆರಬೇಕು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಲೆಯ ಶಾಖ ಕುಂದಿದಾಗ ಮರದಿಂದ ಹೊರಟ ಅನಿಲಗಳು ಹೊತ್ತಿಕೊಳ್ಳದೆ ಹೊಗೆಯಾಗುತ್ತವೆ. ಹೊಗೆಯೆಂದರೆ ಉರಿಯದೆ ಹೋದ ಸೌದೆಯೇ. ಅದು ಹೆಂಚಿನ ಸಂದಿಯನ್ನು ಸೇರುವ ಮೊದಲು ಊದುಗೊಳವೆ ಹಿಡಿದವರ ಕಣ್ಣನ್ನೂ ಎದೆಯನ್ನೂ ಹಾದುಹೋಗುತ್ತದೆ. ನಮ್ಮ ಅಜ್ಜಿಯ ಕೆಮ್ಮು ಮಳೆಗಾಲದಲ್ಲಿ ಹೆಚ್ಚುತ್ತಿದ್ದುದಕ್ಕೆ ಥಂಡಿಯೊಂದೇ ಕಾರಣವಲ್ಲವೆಂದು ನಾನು ನಂಬಿದ್ದೇನೆ.

ಇನ್ನು ಸೀಳುವ ವಿಚಾರ. ಕೊರಡಿನ ನೀರು ತೊಗಟೆಯನ್ನು ದಾಟಿ ಬರುವುದು ಕಷ್ಟ. ಕೊಯ್ದ ತುದಿಗಳಿಂದಲೂ ಸೀಳಿದ ಮೈಯಿಂದಲೂ ಬೇಗ ಆರುತ್ತದೆ. ಆದುದರಿಂದ ಒಲೆಯ ಅಳತೆಗೆ ತುಂಡರಿಸಿ ಕೂಡಲೇ ಸೀಳಬೇಕು. ನೀಲಗಿರಿಗಂತೂ ಈ ಮಾತು ಕಡ್ಡಾಯ. ಹಸಿಯಾಗಿದ್ದಾಗ ಅದು ಒಂದೆರಡು ಏಟಿಗೇ ಬಾಯಿಬಿಡುತ್ತದೆ. ಒಣಗಿದ ಮೇಲೆ ಕೊಡಲಿಯೇ ಪುಟಿದು ಬರುತ್ತದೆ. ಹುಣಸೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ನಡುವಿಗೆ ಹೊಡೆದು ಫಲವಿಲ್ಲ. ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸಬೇಕು, ಇಲ್ಲವೇ ಕಬ್ಬಿಣದ ಬೆಣೆ ಇಳಿಸಬೇಕು. ಎಷ್ಟೇ ಬಲವಂತನಾದರೂ ಗಂಟಿದ್ದ ಕಡೆ ಪೌರುಷ ತೋರದಿರುವುದು ಲೇಸು. ಮಾವು ಬೇಗ ಆರಿ ಬೇಗ ಉರಿದುಹೋಗುತ್ತದೆ; ಮಳೆಗೆ ಬಿಟ್ಟರೆ ಹುಳು ಹಿಡಿಯುತ್ತದೆ. ಸರ್ವೆ ಆರುವುದು ನಿಧಾನ, ಆದರೆ ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ನಮ್ಮಲ್ಲಿ ಸಂಕ್ರಾಂತಿ ಕಳೆದೊಡನೆ ಸೀಳಲು ತೊಡಗುತ್ತೇವೆ. ಬೇಸಗೆಯ ಬಿಸಿಲು ಪೂರ್ತಿ ಸಿಗುತ್ತದೆ. ನೆಲಕ್ಕೆ ತಾಗಿದರೆ ತೇವ, ಗೆದ್ದಲು ಎರಡೂ ಏರುತ್ತವೆ. ಅಡಿಗೆ ಕಲ್ಲಿಟ್ಟು, ನಡುವೆ ಗಾಳಿಯಾಡುವಂತೆ ಒಟ್ಟಬೇಕು. ಮೇಲೆ ಮಾತ್ರ ಮರೆ ಇರಲಿ. ಸುತ್ತಲೂ ತಾಡಪಾಲು ಬಿಗಿದರೆ ಹೊರಬಂದ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ.

ಆರಿದ ತುಂಡಿನ ತುದಿಯಲ್ಲಿ ಬಿರುಕು ಕಾಣುತ್ತದೆ. ಎರಡನ್ನು ತಾಗಿಸಿದರೆ ಠಣ್ಣನೆ ಸದ್ದು ಬರುತ್ತದೆ. ಸಂದೇಹವಿದ್ದವರು ಒಂದೇ ತುಂಡನ್ನು ಗುರುತು ಮಾಡಿಕೊಂಡು ವಾರಕ್ಕೊಮ್ಮೆ ತಕ್ಕಡಿಗೆ ಹಾಕಲಿ. ತೂಕ ಇಳಿಯುವುದು ನಿಂತ ವಾರ ಅದು ಒಲೆಗೆ ಸಿದ್ಧ.