ಬಾಡಿಗೆ ಮನೆಯ ಪಾರುಪತ್ಯಕ್ಕೆ ಸಂಭಾವನೆ ಎಷ್ಟು?

ಫ್ಲ್ಯಾಟು ಜೆ.ಪಿ. ನಗರದಲ್ಲಿ, ಮಾಲೀಕರು ಅಮೆರಿಕದಲ್ಲಿ. ಬೆಂಗಳೂರಿನಲ್ಲಿ ಇಂಥ ಮನೆಗಳು ಬೀದಿಗೊಂದು ಸಿಗುತ್ತವೆ. ಬಾಡಿಗೆದಾರರನ್ನು ಹುಡುಕಬೇಕು, ಹನ್ನೊಂದು ತಿಂಗಳ ಕರಾರು ಮಾಡಿಸಬೇಕು, ಗೀಸರ್ ಕೆಟ್ಟರೆ ಎಲೆಕ್ಟ್ರಿಷಿಯನ್‌ನನ್ನು ಕಳಿಸಬೇಕು, ಅಸೋಸಿಯೇಷನ್ನಿನ ಮೇಂಟೆನೆನ್ಸ್ ಬಾಕಿ ಬೀಳದಂತೆ ನೋಡಿಕೊಳ್ಳಬೇಕು. ಮನೆ ಖಾಲಿ ಮಾಡುವ ದಿನ ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳುವುದೆಂಬ ಜಗಳವನ್ನೂ ಬಗೆಹರಿಸಬೇಕು. ಹಿಂದೆ ಭಾವನೋ ಚಿಕ್ಕಪ್ಪನೋ ಮಾಡುತ್ತಿದ್ದ ಈ ಪಾರುಪತ್ಯ ಈಗ ಪ್ರಾಪರ್ಟಿ ಮ್ಯಾನೇಜರ್‌ಗಳ ಕೈಗೆ ಬಂದಿದೆ. ನೆಂಟರಿಗಾದರೆ ಹಬ್ಬಕ್ಕೊಂದು ಉಡುಗೊರೆ ಸಾಕಿತ್ತು. ಮ್ಯಾನೇಜರ್‌ಗೆ ಎಷ್ಟು?

ಸಂಭಾವನೆ ಗೊತ್ತುಮಾಡಲು ಸಾಮಾನ್ಯವಾಗಿ ಮೂರು ದಾರಿಗಳಿವೆ: ಬಾಡಿಗೆಯಲ್ಲಿ ಶೇಕಡಾವಾರು ಪಾಲು, ತಿಂಗಳಿಗೆ ಇಷ್ಟೆಂದು ನಿಗದಿ ಮೊತ್ತ, ಹೊಸ ಬಾಡಿಗೆದಾರರು ಬಂದಾಗಲೆಲ್ಲ ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್. ಅಮೆರಿಕದಲ್ಲಿ ಬಿಡಿ ಮನೆಗಳಿಗೆ ಶೇಕಡಾ 8ರಿಂದ 12ರವರೆಗೆ ಕೇಳುವುದು ವಾಡಿಕೆ.

ಒಂದು ಲೆಕ್ಕ ನೋಡೋಣ. ಬಾಡಿಗೆ ತಿಂಗಳಿಗೆ 30,000 ರೂಪಾಯಿ, ಮ್ಯಾನೇಜರ್ ಪಾಲು ಶೇಕಡಾ 8 ಎಂದಿಟ್ಟುಕೊಳ್ಳಿ. ತಿಂಗಳಿಗೆ 2,400, ವರ್ಷಕ್ಕೆ 28,800 ರೂಪಾಯಿ ಆಯಿತು. ಜಿಎಸ್‌ಟಿ ನೋಂದಣಿಯಿರುವ ಸಂಸ್ಥೆಯಾದರೆ ಮೇಲೆ ಶೇಕಡಾ 18 ತೆರಿಗೆ ಸೇರಿ 33,984. ಮೊತ್ತ ದೊಡ್ಡದೆನಿಸಬಹುದು. ಆದರೆ ಮನೆ ಒಂದೂಕಾಲು ತಿಂಗಳು ಖಾಲಿ ಬಿದ್ದರೆ ಅದಕ್ಕಿಂತ ಹೆಚ್ಚು ಕೈಬಿಡುತ್ತದೆ. ಒಳ್ಳೆಯ ಬಾಡಿಗೆದಾರರನ್ನು ಬೇಗ ಹುಡುಕಿ, ಅವರು ವರ್ಷಗಟ್ಟಲೆ ಉಳಿಯುವಂತೆ ನೋಡಿಕೊಂಡರೆ ಮ್ಯಾನೇಜರ್ ತನ್ನ ಸಂಭಾವನೆಯನ್ನು ತಾನೇ ದುಡಿದುಕೊಟ್ಟಂತೆ.

ಹಾಗಾಗಿ ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಎನ್ನುವುದು ಮುಖ್ಯ. ಕೈಗೆ ಬಂದ ಬಾಡಿಗೆಯಲ್ಲಿ ಮಾತ್ರ ಪಾಲು ಎಂದರೆ ಮನೆ ಖಾಲಿ ಬಿದ್ದ ತಿಂಗಳು ಮ್ಯಾನೇಜರ್‌ಗೂ ನಷ್ಟ. ಇಬ್ಬರ ಹಿತವೂ ಒಂದೇ ಕಡೆ. ನಿಗದಿ ಮೊತ್ತವಾದರೆ ಮನೆ ತುಂಬಿದರೂ ಖಾಲಿಯಿದ್ದರೂ ಅವರಿಗೆ ಅಷ್ಟೇ. ಪ್ರತಿ ಹೊಸ ಕರಾರಿಗೂ ದೊಡ್ಡ ಕಮಿಷನ್ ಸಿಗುವುದಾದರೆ ಬಾಡಿಗೆದಾರರು ಪದೇ ಪದೇ ಬದಲಾಗುವುದೇ ಅವರಿಗೆ ಲಾಭ. ರಿಪೇರಿ ಬಿಲ್ಲಿನ ಮೇಲೆ ಶೇಕಡಾವಾರು ಕೊಡುವುದಂತೂ ಇನ್ನೂ ಅಪಾಯ: ಪ್ಲಂಬರ್ ಹತ್ತಿರ ಚೌಕಾಸಿ ಮಾಡಿ ಬಿಲ್ ಇಳಿಸಿದಷ್ಟೂ ಅವರ ಪಾಲು ಇಳಿಯುತ್ತದೆ.

ಶೇಕಡಾವಾರು ಪದ್ಧತಿಯಲ್ಲೂ ಕೊರತೆಯಿದೆ. 12,000 ರೂಪಾಯಿ ಬಾಡಿಗೆಯ ಮನೆಗೂ 60,000ದ ಮನೆಗೂ ನಲ್ಲಿ ಸೋರುವುದು ಒಂದೇ ರೀತಿ, ಓಡಾಟವೂ ಒಂದೇ. ಸಣ್ಣ ಬಾಡಿಗೆಯ ಮನೆಗೆ ಒಂದು ಕನಿಷ್ಠ ಮೊತ್ತ ಕೇಳಿದರೆ ಅದು ನ್ಯಾಯವೇ.

ತೆರಿಗೆಯ ಮಾತೂ ಇದೆ. ಭಾರತದಲ್ಲಿ ಮನೆ ಬಾಡಿಗೆಯ ಆದಾಯಕ್ಕೆ, ಮಾಲೀಕರು ಕಟ್ಟಿದ ಆಸ್ತಿ ತೆರಿಗೆ ಕಳೆದ ಮೇಲೆ, ಶೇಕಡಾ 30ರಷ್ಟು ವಿನಾಯಿತಿ ತಾನಾಗಿಯೇ ಸಿಗುತ್ತದೆ. ಖರ್ಚು ಎಷ್ಟೇ ಆಗಿರಲಿ, ವಿನಾಯಿತಿ ಅಷ್ಟೇ. ಮ್ಯಾನೇಜರ್ ಸಂಭಾವನೆ, ರಿಪೇರಿ ಎಲ್ಲ ಅದರೊಳಗೇ ಸೇರುತ್ತವೆ, ಬೇರೆಯಾಗಿ ತೋರಿಸಲಾಗದು.

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಾಪರ್ಟಿ ಮ್ಯಾನೇಜರ್‌ನ ಕೆಲಸಗಳನ್ನು ಪಟ್ಟಿ ಮಾಡಿದೆ: ರಸೀದಿ ಕೊಟ್ಟು ಬಾಡಿಗೆ ವಸೂಲಿ, ಅಗತ್ಯ ರಿಪೇರಿ, ಮನೆ ತಪಾಸಣೆ, ನೋಟಿಸ್, ವಿವಾದ ಬಗೆಹರಿಸಲು ನೆರವು. ತಪ್ಪಿ ನಡೆದರೆ ಬಾಡಿಗೆ ನ್ಯಾಯಾಲಯ ಅವರನ್ನು ತೆಗೆದುಹಾಕಬಹುದು. ಆದರೆ ಸಂಭಾವನೆ ಎಷ್ಟೆಂದು ಅದು ಹೇಳುವುದಿಲ್ಲ. ಇದು ಮಾದರಿ ಮಾತ್ರ; ಜಾರಿ ರಾಜ್ಯಗಳಿಗೆ ಬಿಟ್ಟದ್ದು.

ಕ್ಯಾಲಿಫೋರ್ನಿಯಾದ ನಿಯಮ ಬೇರೆ. 16 ಅಥವಾ ಅದಕ್ಕಿಂತ ಹೆಚ್ಚು ಮನೆಗಳ ಕಟ್ಟಡದಲ್ಲಿ ಮಾಲೀಕರು ವಾಸವಿಲ್ಲದಿದ್ದರೆ ಮ್ಯಾನೇಜರ್ ಅಥವಾ ಜವಾಬ್ದಾರಿಯುತ ವ್ಯಕ್ತಿಯೊಬ್ಬರು ಅಲ್ಲೇ ವಾಸವಿರಬೇಕು. ಉಳಿಯಲು ಮನೆ ಕೊಟ್ಟಿದ್ದೇವೆ, ಇನ್ನೇಕೆ ಸಂಬಳ ಎನ್ನುವಂತಿಲ್ಲ. ಕನಿಷ್ಠ ವೇತನದಲ್ಲಿ ಮನೆಯ ಲೆಕ್ಕಕ್ಕೆ ಎಷ್ಟು ಹಿಡಿಯಬಹುದೆಂಬುದಕ್ಕೂ ಮಿತಿಯಿದೆ. ಪಾರ್ಕಿಂಗ್ ಪಕ್ಕದ ಒಂದು ಕೋಣೆ ಕೊಟ್ಟು, ಸಂಪಿನ ಮೋಟರ್‌ನಿಂದ ನೀರಿನ ಟ್ಯಾಂಕರ್‌ವರೆಗೆ ಎಲ್ಲವನ್ನೂ ವಾಚ್‌ಮನ್ ಕುಟುಂಬದ ಹೆಗಲಿಗೇರಿಸುವ ಬೆಂಗಳೂರಿನ ಮಾಲೀಕರು ಇದನ್ನು ಗಮನಿಸಬೇಕು.

ಕರಾರಿಗೆ ಸಹಿ ಹಾಕುವ ಮುನ್ನ ಮಾಲೀಕರು ನಾಲ್ಕು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಲಿ: ಪಾಲು ಕೈಗೆ ಬಂದ ಬಾಡಿಗೆಯಲ್ಲೋ ಬರಬೇಕಾದುದರಲ್ಲೋ, ಹೊಸ ಕರಾರಿಗೆ ಎಷ್ಟು, ಕೇಳದೆ ಮಾಡಿಸಬಹುದಾದ ರಿಪೇರಿಯ ಮಿತಿ ಎಷ್ಟು, ಮೂಲ ಬಿಲ್ಲುಗಳು ಸಿಗುತ್ತವೆಯೇ.