ಹಿಂಡಿ ತಿಂದು ಬೆಳೆಯುವ ಮೀನು

ಮೀಸೆಯಿರುವ, ಮೈಮೇಲೆ ಹುರುಪೆಯಿಲ್ಲದ ಕ್ಯಾಟ್‌ಫಿಶ್ ಎಂದರೆ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ. ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಕದ್ದುಮುಚ್ಚಿ ಸಾಕುವ ಆಫ್ರಿಕನ್ ಕ್ಯಾಟ್‌ಫಿಶ್‌ನಿಂದ ಬಂದ ಕೆಟ್ಟ ಹೆಸರು ಅದು. ಅದರ ಸಾಕಣೆಗೆ ಭಾರತದಲ್ಲಿ ನಿಷೇಧವಿದೆ. ಇದೇ ಬಳಗದ ಚಾನೆಲ್ ಕ್ಯಾಟ್‌ಫಿಶ್ ಮಾತ್ರ ಅಮೆರಿಕದ ಮಿಸಿಸಿಪಿ, ಅಲಬಾಮಾ ರಾಜ್ಯಗಳ ಕೆರೆಗಳಲ್ಲಿ ಬಹುಪಾಲು ಸೋಯಾ ಹಿಂಡಿ, ಮೆಕ್ಕೆಜೋಳ, ಹತ್ತಿಕಾಳಿನ ಹಿಂಡಿ ತಿಂದೇ ದೊಡ್ಡದಾಗುತ್ತದೆ.

ಮಿಸಿಸಿಪಿಯ ಡೆಲ್ಟಾ ಪ್ರದೇಶ ಹತ್ತಿಯ ಸೀಮೆ. 1960ರ ದಶಕದಲ್ಲಿ ಅಲ್ಲಿನ ರೈತರು ನೀರು ಇಂಗದ ಜಿಗುಟು ಮಣ್ಣಿನ ಹೊಲಗಳಿಗೆ ಬದು ಹಾಕಿ ಮೀನು ಬಿಡತೊಡಗಿದರು. ಮೊದಮೊದಲ ಮೇವಿನಲ್ಲಿ ಮೀನಿನ ಹಿಟ್ಟು ಸಾಕಷ್ಟಿರುತ್ತಿತ್ತು. ಸಮುದ್ರದ ಸಣ್ಣ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ ಮಾಡುವ ಈ ಹಿಟ್ಟು ದುಬಾರಿ. ಮಂಗಳೂರು, ಮಲ್ಪೆ ಕಡೆಯವರಿಗೆ ಇದು ಗೊತ್ತಿರುವ ಸಂಗತಿ: ಬೂತಾಯಿಯಂಥ ಮೀನು ತಟ್ಟೆಗೆ ಬರುವ ಬದಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗುವುದನ್ನು ಅವರು ಕಂಡಿದ್ದಾರೆ. ಈಗ ಮಿಸಿಸಿಪಿಯಲ್ಲಿ ಮರಿಗಳ ಮೇವು ಬಿಟ್ಟರೆ, ಬೆಳೆಯುವ ಮೀನಿನ ಮೇವಿನಲ್ಲಿ ಮೀನಿನ ಹಿಟ್ಟು ಇಲ್ಲವೆನ್ನುವಷ್ಟು ಕಡಿಮೆ. ಶೇಕಡಾ 28 ಅಥವಾ 32ರಷ್ಟು ಪ್ರೊಟೀನಿನ, ನೀರಿನ ಮೇಲೆ ತೇಲುವ ಗುಳಿಗೆಗಳು ಹೆಚ್ಚೂಕಡಿಮೆ ಹೊಲದ ಫಸಲೇ.

ಸಾಲ್ಮನ್ ಮೀನಿಗೆ ಸೋಯಾ ಹಿಂಡಿ ಹೆಚ್ಚಾದರೆ ಕರುಳಿನ ಕೊನೆಯ ಭಾಗ ಉರಿಯೂತದಿಂದ ಬಾಯುತ್ತದೆ. ಎಲ್ಲವನ್ನೂ ತಿನ್ನುವ ಕ್ಯಾಟ್‌ಫಿಶ್ ಅದನ್ನು ಬಹಳ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಹಾಗೆಂದು ಹಿಂಡಿ ಸುರಿದರೆ ಸಾಕೆಂದಲ್ಲ. ಬೀಜವೆಂದರೆ ಗಿಡದ ಮುಂದಿನ ಪೀಳಿಗೆ. ತಿನ್ನಲು ಬರುವವರನ್ನು ತಡೆಯುವ ರಾಸಾಯನಿಕಗಳನ್ನು ಗಿಡ ಅದರಲ್ಲೇ ಅಡಗಿಸಿಟ್ಟಿರುತ್ತದೆ. ಹಸಿ ಸೋಯಾದಲ್ಲಿ ಪ್ರೊಟೀನು ಅರಗದಂತೆ ಮಾಡುವ ಅಂಶವಿದೆ. ಹದವಾಗಿ ಕಾಯಿಸಿದರೆ ಅದು ನಾಶವಾಗುತ್ತದೆ. ಆದರೆ ಕಾಯಿಸಿದರೂ ಪೂರ್ತಿ ಹೋಗದ ಇನ್ನೊಂದಿದೆ, ಫೈಟಿಕ್ ಆಮ್ಲ. ಸೋಯಾದ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಇದರೊಳಗೆ ಸಿಕ್ಕಿಬಿದ್ದಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ಮೀನಿನ ಹೊಟ್ಟೆಯಲ್ಲಿ ಇಲ್ಲ. ರಂಜಕ ಸಾಲದೆ ಮೂಳೆ ಬಲಿಯುವುದಿಲ್ಲ, ಬೆಳವಣಿಗೆ ಕುಂಠಿತವಾಗುತ್ತದೆ. ಅರಗದ ರಂಜಕ ಮಲದೊಡನೆ ಕೆರೆಗಿಳಿದು ಪಾಚಿಯನ್ನು ಹೆಚ್ಚಿಸುತ್ತದೆ.

ಫೈಟಿಕ್ ಆಮ್ಲ ಸತುವನ್ನೂ ಕಟ್ಟಿಹಾಕುತ್ತದೆ. ಪ್ರಯೋಗಾಲಯದ ಶುದ್ಧ ಮೇವಿನಲ್ಲಿ ಕಿಲೋಗೆ 20 ಮಿಲಿಗ್ರಾಂ ಸತು ಸಾಕಾಗುವ ಚಾನೆಲ್ ಕ್ಯಾಟ್‌ಫಿಶ್‌ಗೆ, ಸೋಯಾ ತುಂಬಿದ ಮೇವಿನಲ್ಲಿ ಸುಮಾರು 150 ಮಿಲಿಗ್ರಾಂ ಬೇಕು. ಚೀಲದ ಮೇಲೆ ಅಚ್ಚಾದ ಪ್ರೊಟೀನಿನ ಅಂಕಿ ನೋಡಿ ಮೇವು ಕೊಳ್ಳುವವರಿಗೆ ಈ ಏಳು ಪಟ್ಟಿನ ಅಂತರ ಕಾಣುವುದೇ ಇಲ್ಲ. ಮೇವಿನ ಗುಣ ನಿರ್ಧಾರವಾಗುವುದು ಇಂಥ ಕಣ್ಣಿಗೆ ಬೀಳದ ಅಂಶಗಳಲ್ಲಿ ಎಂಬುದು ನನ್ನ ನಂಬಿಕೆ.

ಹತ್ತಿಕಾಳಿನ ಕಥೆ ಇನ್ನೂ ಸ್ವಾರಸ್ಯದ್ದು. ಡೆಲ್ಟಾದಲ್ಲಿ ಅದು ಕೈಗೆಟುಕುವ ಸರಕು, ಬೆಲೆಯೂ ಸೋಯಾಕ್ಕಿಂತ ಇಳಿ. ಕಾಳಿನ ಸಣ್ಣ ಸಣ್ಣ ಗ್ರಂಥಿಗಳಲ್ಲಿ ಗಾಸಿಪಾಲ್ ಎಂಬ ಹಳದಿ ವಸ್ತುವಿದೆ. ಹುಳುಹುಪ್ಪಟೆಗಳಿಂದ ಗಿಡಕ್ಕೆ ಅದೇ ರಕ್ಷಣೆ. ಹಂದಿ, ಕೋಳಿಗಳಿಗೆ ಅದು ವಿಷ. ನಮ್ಮ ಎಮ್ಮೆ, ಹಸುಗಳು ಹತ್ತಿಕಾಳಿನ ಹಿಂಡಿಯನ್ನು ತಾಳಿಕೊಳ್ಳುವುದು ಮೆಲುಕು ಹಾಕುವ ಹೊಟ್ಟೆಯಲ್ಲಿ ಗಾಸಿಪಾಲ್ ಬಹುಮಟ್ಟಿಗೆ ಕಟ್ಟಿಬೀಳುವುದರಿಂದ. ಮೀನಿಗೆ ಅಂಥ ಹೊಟ್ಟೆಯಿಲ್ಲ. ಎಣ್ಣೆ ತೆಗೆಯುವಾಗಿನ ಕಾವಿನಲ್ಲಿ ಗಾಸಿಪಾಲ್, ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡು ಅದನ್ನು ಮೀನಿಗೆ ದಕ್ಕದಂತೆ ಮಾಡುತ್ತದೆ. ಹತ್ತಿಕಾಳಿನಲ್ಲಿ ಲೈಸಿನ್ ಮೊದಲೇ ಕಡಿಮೆ. ಗಾಸಿಪಾಲ್ ಕಬ್ಬಿಣವನ್ನೂ ಹಿಡಿದಿಡುತ್ತದೆ; ಹಿಂಡಿ ಮಿತಿಮೀರಿದರೆ ಮೀನಿಗೆ ರಕ್ತಹೀನತೆ. ಹೀಗಾಗಿ ಹಿಂಡಿಗೆ ಮಿತಿ ಹಾಕಿ, ಲೈಸಿನ್ ಬೆರೆಸುವುದು ವಾಡಿಕೆ. ಹತ್ತಿ ಹಿಂಡಿ ತಿಂದ ಮೀನಿನ ರೋಗನಿರೋಧಕ ಕಣಗಳು ಚುರುಕಾದದ್ದು ಅಲಬಾಮಾದ ಆಬರ್ನ್‌ನಲ್ಲಿ ನಡೆದ ಪ್ರಯೋಗಗಳಲ್ಲಿ ಕಂಡಿದೆ. ಅಷ್ಟರಿಂದಲೇ ಗಾಸಿಪಾಲನ್ನು ಮದ್ದು ಎನ್ನಲಾಗದು, ಏಕೆಂದರೆ ಪ್ರಮಾಣ ಏರಿದಂತೆ ಬೆಳವಣಿಗೆ ಇಳಿಯುತ್ತದೆ.

ಮೆಕ್ಕೆಜೋಳದ ಗ್ಲುಟನ್ ಹಿಂಡಿ ಮೀನಿನ ಆರೋಗ್ಯ ಕೆಡಿಸದು, ಆದರೆ ಅದರ ಹಳದಿ ಬಣ್ಣ ಮಾಂಸಕ್ಕೆ ಇಳಿಯುತ್ತದೆ. ಬಿಳಿ ಮಾಂಸ ಕೇಳುವ ಗ್ರಾಹಕರಿಗಾಗಿ ಅದಕ್ಕೂ ಮಿತಿಯಿದೆ.

ಇಷ್ಟೆಲ್ಲಕ್ಕಿಂತ ನನಗೆ ಹೆಚ್ಚು ಆತಂಕ ತರುವುದು ಬೂಷ್ಟು. 1960ರಲ್ಲಿ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ರೇನ್‌ಬೋ ಟ್ರೌಟ್ ಮೀನುಗಳು ಯಕೃತ್ತಿನ ಕ್ಯಾನ್ಸರ್‌ನಿಂದ ಸಾಲುಸಾಲಾಗಿ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಹತ್ತಿಕಾಳಿನ ಹಿಂಡಿ, ಅದರಲ್ಲಿ ಬೂಷ್ಟು ಬಿಟ್ಟುಹೋದ ಅಫ್ಲಾಟಾಕ್ಸಿನ್. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳನ್ನು ಬಲಿ ತೆಗೆದುಕೊಂಡದ್ದೂ ಶೇಂಗಾ ಹಿಂಡಿಯಲ್ಲಿದ್ದ ಇದೇ ವಿಷ. ಕ್ಯಾಟ್‌ಫಿಶ್ ಟ್ರೌಟಿಗಿಂತ ಗಟ್ಟಿ, ಅಫ್ಲಾಟಾಕ್ಸಿನನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಮೆಕ್ಕೆಜೋಳದ ಬೂಷ್ಟಿನಿಂದ ಬರುವ ಫ್ಯುಮೊನಿಸಿನ್ ಮುಂದೆ ಅದೂ ಸೋಲುತ್ತದೆ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆ ವಿಷವಿದ್ದ ಮೆಕ್ಕೆಜೋಳ ತಿಂದ ಮೀನುಗಳಿಗೆ ಎಡ್ವರ್ಡ್‌ಸಿಯೆಲ್ಲಾ ಇಕ್ಟಲೂರಿ ಎಂಬ ಬ್ಯಾಕ್ಟೀರಿಯಾ ಸೋಂಕು ತಗುಲಿಸಿದಾಗ, ಅವುಗಳ ಮೈಯಲ್ಲಿ ಪ್ರತಿಕಾಯಗಳು ಕಡಿಮೆ ಹುಟ್ಟಿದವು, ಸತ್ತವು ಹೆಚ್ಚು. ತಲೆಯ ಮೇಲೆ ತೂತಿನಂಥ ಹುಣ್ಣು ಮಾಡುವ ಈ ಬ್ಯಾಕ್ಟೀರಿಯಾ 1979ರಲ್ಲಿ ಬೆಳಕಿಗೆ ಬಂದದ್ದು. ಕ್ಯಾಟ್‌ಫಿಶ್ ಸಾಕುವವರಿಗೆ ಅದಕ್ಕಿಂತ ದೊಡ್ಡ ಶತ್ರು ವಿರಳ. ಕೊಂದದ್ದು ಬ್ಯಾಕ್ಟೀರಿಯಾ ಎಂದು ದಾಖಲಾಗುತ್ತದೆ, ದಾರಿ ಮಾಡಿಕೊಟ್ಟ ಮೇವು ದಾಖಲೆಗೆ ಬರುವುದಿಲ್ಲ.

ನಮ್ಮ ಕೆರೆ, ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುವವರು ಶೇಂಗಾ ಹಿಂಡಿಗೆ ತೌಡು ಬೆರೆಸಿ ಹಾಕುತ್ತಾರೆ. ಆ ಹಿಂಡಿಗೂ ಬೂಷ್ಟು ಹಿಡಿಯುತ್ತದೆ. ದನಕ್ಕೆ ಹಾಕಲು ಹಿಂಜರಿಯುವ ಕಮಟು ಹಿಂಡಿಯನ್ನು ಮೀನಿಗಾದರೂ ಆದೀತು ಎಂದು ಹೊಂಡಕ್ಕೆ ಸುರಿಯಬೇಡಿ. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಮಳೆಗಾಲಕ್ಕೆ ಕೂಡಿಡದೆ ಬೇಕಾದಷ್ಟೇ ತನ್ನಿ.